ಕಂಪೈಲ್ ಆಗುತ್ತಿಲ್ಲ ಎನ್ನುವವರಿಗೆ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಆದಷ್ಟೂ ಕೇಳಿದವರ ಮಾತನ್ನೇ ಉಳಿಸಿಕೊಂಡಿದ್ದೇನೆ. ಹೆಚ್ಚಿನ ಉದಾಹರಣೆಗಳು ಸಿ ಮತ್ತು ಜಾವಾದವು. ಪೈಥಾನ್, ಗೋ, ರಸ್ಟ್, ಸಿ++ ಅಲ್ಲಲ್ಲಿ ಬರುತ್ತವೆ. ಕೋಡನ್ನೂ ಕಂಪೈಲರಿನ ಸಂದೇಶಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳೇ ಆಗಿರಬೇಕು. ಎಲ್ಲವನ್ನೂ ಓದಬೇಕಾಗಿಲ್ಲ, ಎಲ್ಲಿ ಸಿಕ್ಕಿಬಿದ್ದಿದ್ದೀರೋ ಅಲ್ಲಿಗೆ ನೇರವಾಗಿ ಹೋಗಿ.

## ಮೊದಲ ದಿನಗಳ ಪ್ರಶ್ನೆಗಳು

ಎರರ್ ಕಂಡರೆ ಭಯವಾಗುತ್ತದೆ. ಇದರಿಂದ ಕಂಪ್ಯೂಟರಿಗೆ ಏನಾದರೂ ಆಗುತ್ತದೆಯೇ?

ಏನೂ ಆಗುವುದಿಲ್ಲ. ನೀವು ಬರೆದಿರುವುದು ಸದ್ಯಕ್ಕೆ ಬರೀ ಪಠ್ಯ. ಅದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದು ಕಂಪೈಲರಿನ ಕೆಲಸ. ಪಠ್ಯ ಭಾಷೆಯ ನಿಯಮಕ್ಕೆ ಹೊಂದದಿದ್ದರೆ ಅದು ಕೆಲಸ ನಿಲ್ಲಿಸಿ, ತಾನು ಎಲ್ಲಿ ನಿಂತೆ ಎಂದು ತಿಳಿಸುತ್ತದೆ. ಪ್ರೋಗ್ರಾಂ ಇನ್ನೂ ಹುಟ್ಟಿಯೇ ಇಲ್ಲ; ಹುಟ್ಟದ ಪ್ರೋಗ್ರಾಂ ಯಾವ ಫೈಲನ್ನೂ ಅಳಿಸಲಾರದು.

ಪ್ರೋಗ್ರಾಂ ಓಡಲು ಶುರುವಾದ ಮೇಲೆ ಬರುವ ದೋಷಗಳು ಬೇರೆ ಜಾತಿಯವು. ‘ಸೆಗ್ಮೆಂಟೇಶನ್ ಫಾಲ್ಟ್’, ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ಎಂದು ಕಂಡರೆ ನಿಮ್ಮ ಕೋಡು ಕಂಪೈಲ್ ಆಗಿದೆ, ತೊಂದರೆ ಬೇರೆ ಕಡೆ ಇದೆ ಎಂದು ತಿಳಿಯಿರಿ. ಇವೆರಡನ್ನೂ ಕಲಸಿಕೊಂಡು ಹುಡುಕಿದರೆ ಉತ್ತರ ಸಿಗುವುದಿಲ್ಲ.

ಕಂಪೈಲರ್ ಇನ್‌ಸ್ಟಾಲ್ ಮಾಡಿದ್ದೇನೆ, ಆದರೂ ಆ ಹೆಸರಿನ ಕಮಾಂಡೇ ಇಲ್ಲ ಎನ್ನುತ್ತದೆ. ಏನು ಮಾಡಲಿ?

ಇದು ಕಂಪೈಲರಿನ ಮಾತೇ ಅಲ್ಲ, ಟರ್ಮಿನಲ್, ಅಂದರೆ ಕಮಾಂಡುಗಳನ್ನು ಟೈಪ್ ಮಾಡುವ ಕಿಟಕಿ, ಹೇಳುತ್ತಿರುವುದು. ಲಿನಕ್ಸ್‌ನಲ್ಲಿ ‘ಕಮಾಂಡ್ ನಾಟ್ ಫೌಂಡ್’ ಎಂದೂ, ವಿಂಡೋಸ್‌ನಲ್ಲಿ ‘ಈಸ್ ನಾಟ್ ರೆಕಗ್ನೈಸ್ಡ್’ ಎಂದೂ ಬರುತ್ತದೆ. ಕಮಾಂಡುಗಳನ್ನು ಯಾವ ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಎಂಬ ಪಟ್ಟಿಗೆ ‘ಪಾತ್’ ಎಂದು ಹೆಸರು. ಕಂಪೈಲರ್ ಇರುವ ಫೋಲ್ಡರ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಟರ್ಮಿನಲ್ಲಿಗೆ ಅದು ಕಾಣುವುದಿಲ್ಲ. ಪಟ್ಟಿಗೆ ಸೇರಿಸಿದ ಮೇಲೆ ಟರ್ಮಿನಲ್ಲನ್ನು ಮುಚ್ಚಿ ಹೊಸದಾಗಿ ತೆರೆಯಿರಿ. ಮೊದಲೇ ತೆರೆದಿದ್ದ ಕಿಟಕಿಗೆ ಹೊಸ ಪಟ್ಟಿ ಗೊತ್ತಾಗುವುದಿಲ್ಲ. ಜಾವಾ ಕಲಿಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಪ್ರೋಗ್ರಾಂ ಓಡಿಸಲು ಮಾತ್ರ ಬೇಕಾದ ಜೆಆರ್‌ಇ ಇದ್ದರೆ ಸಾಲದು, ಕಂಪೈಲರ್ ಬರುವುದು ಪ್ರೋಗ್ರಾಂ ಬರೆಯುವವರಿಗಾಗಿ ಇರುವ ಜೆಡಿಕೆಯಲ್ಲಿ.

ಫೈಲ್ ಕಣ್ಣೆದುರಿಗೇ ಇದೆ. ‘ನೋ ಸಚ್ ಫೈಲ್’ ಎನ್ನುವುದು ಹೇಗೆ ಸಾಧ್ಯ?

ನಿಮ್ಮ ಕಣ್ಣೆದುರಿಗೆ ಇದೆ, ಟರ್ಮಿನಲ್ ನಿಂತಿರುವ ಫೋಲ್ಡರಿನಲ್ಲಿ ಇಲ್ಲ. ವಿಂಡೋಸ್‌ನಲ್ಲಿ ‘ಡಿಐಆರ್’, ಉಳಿದ ಕಡೆ ‘ಎಲ್ಎಸ್’ ಎಂಬ ಕಮಾಂಡ್ ಕೊಟ್ಟು ಅಲ್ಲಿ ಏನೇನಿದೆ ಎಂದು ನೋಡಿ. ಫೈಲ್ ಅಲ್ಲೇ ಇದ್ದರೆ ಪೂರ್ತಿ ಹೆಸರನ್ನು ಗಮನಿಸಿ. ವಿಂಡೋಸ್ ಫೈಲಿನ ಹೆಸರಿನ ಕೊನೆಗೆ ಚುಕ್ಕಿಯ ಬಳಿಕ ಬರುವ ಪರಿಚಿತ ಬಾಲಗಳನ್ನು ಮುಚ್ಚಿಡುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದ ‘ಮೊದಲು.ಸಿ’ ನಿಜದಲ್ಲಿ ‘ಮೊದಲು.ಸಿ.ಟಿಎಕ್ಸ್‌ಟಿ’ ಆಗಿರಬಹುದು.

ತಪ್ಪನ್ನು ತಿದ್ದಿ ಆಯಿತು. ಆದರೂ ಅದೇ ಎರರ್ ಬರುತ್ತಿದೆ!

ಫೈಲನ್ನು ಸೇವ್ ಮಾಡಿದ್ದೀರಾ? ಕಂಪೈಲರ್ ಓದುವುದು ಡಿಸ್ಕಿನಲ್ಲಿರುವ ಪ್ರತಿಯನ್ನು, ಎಡಿಟರಿನ ಪರದೆಯನ್ನಲ್ಲ. ಸೇವ್ ಆಗಿದ್ದರೆ, ಒಂದೇ ಹೆಸರಿನ ಎರಡು ಫೈಲುಗಳು ಬೇರೆ ಬೇರೆ ಫೋಲ್ಡರಿನಲ್ಲಿವೆಯೇ ನೋಡಿ. ಅನುಮಾನವಿದ್ದರೆ ಮೊದಲ ಸಾಲಿನಲ್ಲಿ ಬೇಕೆಂದೇ ಅರ್ಥವಿಲ್ಲದ ನಾಲ್ಕು ಅಕ್ಷರ ಬರೆದು ಕಂಪೈಲ್ ಮಾಡಿ. ಅದಕ್ಕೆ ಎರರ್ ಬರದಿದ್ದರೆ ನೀವು ತಿದ್ದುತ್ತಿರುವ ಫೈಲೇ ಬೇರೆ, ಕಂಪೈಲ್ ಆಗುತ್ತಿರುವ ಫೈಲೇ ಬೇರೆ.

ಇದರದೇ ಇನ್ನೊಂದು ಮುಖವೂ ಇದೆ. ಸಿ ಭಾಷೆಯಲ್ಲಿ ಕಂಪೈಲ್ ವಿಫಲವಾದರೂ ಹಿಂದಿನ ಸಲ ತಯಾರಾದ ಪ್ರೋಗ್ರಾಂ ಫೋಲ್ಡರಿನಲ್ಲಿ ಹಾಗೆಯೇ ಉಳಿದಿರಬಹುದು. ಎರರ್ ನೋಡದೆ ಅದನ್ನೇ ಓಡಿಸಿ ‘ನಾನು ಮಾಡಿದ ಬದಲಾವಣೆ ಕಾಣುತ್ತಿಲ್ಲ’ ಎನ್ನುವವರು ಬಹಳ.

## ಸಂದೇಶವನ್ನು ಓದುವುದು

ಪರದೆ ತುಂಬ ಇಂಗ್ಲಿಷ್ ಬರುತ್ತದೆ. ಎಲ್ಲಿಂದ ಓದಲು ಶುರು ಮಾಡಬೇಕು?

ಮೇಲಿನಿಂದ. ಟರ್ಮಿನಲ್ ನಮಗೆ ಕೊನೆಯ ಸಾಲುಗಳನ್ನು ತೋರಿಸುವುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ, ಕೆಲಸಕ್ಕೆ ಬರುವುದು ಮಾತ್ರ ಮೊದಲ ಎರರ್. ಮೇಲಕ್ಕೆ ಸರಿಸಿ ಅದನ್ನು ಹುಡುಕಿ. ಸಿ ಭಾಷೆಯ ಕಂಪೈಲರುಗಳಾದ ಜಿಸಿಸಿ ಮತ್ತು ಕ್ಲಾಂಗ್ ಸಾಮಾನ್ಯವಾಗಿ ಈ ಕ್ರಮದಲ್ಲಿ ಹೇಳುತ್ತವೆ:

```
ಲೆಕ್ಕ.ಸಿ:12:9: ಎರರ್: ‘ಮೊತ್ತ’ ಅನ್‌ಡಿಕ್ಲೇರ್ಡ್
```

ಮೊದಲು ಫೈಲಿನ ಹೆಸರು, ಆಮೇಲೆ 12ನೆಯ ಸಾಲು, ಆ ಸಾಲಿನ 9ನೆಯ ಅಕ್ಷರ, ಇದು ಎರರೋ ವಾರ್ನಿಂಗೋ ಎಂಬ ವಿಂಗಡಣೆ, ಕೊನೆಗೆ ವಿಷಯ. ‘ಮೊತ್ತ’ ಎಂಬ ಹೆಸರನ್ನು ಬಳಸಿದ್ದೀರಿ, ಅದು ಏನೆಂದು ಎಲ್ಲೂ ಘೋಷಿಸಿಲ್ಲ ಎಂಬುದು ಇದರ ಸಾರ. ಕೆಳಗೆ ‘ನೋಟ್’ ಎಂದು ಶುರುವಾಗುವ ಸಾಲುಗಳಿದ್ದರೆ ಅವು ಹೊಸ ತಪ್ಪುಗಳಲ್ಲ, ಮೇಲಿನ ಎರರಿಗೆ ಕೊಟ್ಟ ವಿವರಣೆ.

ಕಂಪೈಲರುಗಳು ಬಳಸುವ ಇಂಗ್ಲಿಷ್ ಪದಗಳ ಸಂಖ್ಯೆ ತೀರಾ ಚಿಕ್ಕದು. ಎಕ್ಸ್‌ಪೆಕ್ಟೆಡ್ ಎಂದರೆ ‘ಇಲ್ಲಿ ಇದು ಬರಬೇಕಿತ್ತು’, ಅನ್‌ಡಿಕ್ಲೇರ್ಡ್ ಎಂದರೆ ‘ಪರಿಚಯವಿಲ್ಲದ ಹೆಸರು’, ಇನ್‌ಕಂಪ್ಯಾಟಿಬಲ್ ಎಂದರೆ ‘ಇವೆರಡೂ ಹೊಂದುವುದಿಲ್ಲ’, ರಿಡೆಫನಿಷನ್ ಎಂದರೆ ‘ಇದನ್ನು ಆಗಲೇ ಒಮ್ಮೆ ಹೇಳಿದ್ದೀರಿ’. ಇಂಗ್ಲಿಷ್ ಚೆನ್ನಾಗಿ ಬರುವವರೂ ಸಂದೇಶವನ್ನು ಓದದೆ ಮುಚ್ಚಿಬಿಡುವುದನ್ನು ನೋಡಿದ್ದೇನೆ. ಹಾಗಾಗಿ ಭಾಷೆ ಇಲ್ಲಿ ಅಷ್ಟು ದೊಡ್ಡ ಅಡ್ಡಿ ಎಂದು ನನಗೆ ಅನ್ನಿಸುವುದಿಲ್ಲ.

ಮೂರನೆಯ ಸಾಲಿನಲ್ಲಿ ತಪ್ಪಿದೆ ಎನ್ನುತ್ತದೆ. ನೂರು ಸಲ ನೋಡಿದೆ, ಆ ಸಾಲಿನಲ್ಲಿ ಏನೂ ತಪ್ಪಿಲ್ಲ.

ನಿಮ್ಮ ಮಾತು ನಿಜವಿರಬಹುದು. ಕಂಪೈಲರ್ ಹೇಳುವುದು ತನಗೆ ಎಲ್ಲಿ ಅರ್ಥವಾಗದೆ ಹೋಯಿತು ಎಂಬುದನ್ನು. ನೀವು ಎಲ್ಲಿ ಎಡವಿದಿರಿ ಎಂಬುದು ಅದಕ್ಕೆ ತಿಳಿಯದು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

```
1  ಇಂಟ್ ಮೇನ್(ವಾಯ್ಡ್) {
2      ಇಂಟ್ ಮೊತ್ತ = 5 + 7
3      ರಿಟರ್ನ್ ಮೊತ್ತ;
4  }
```

ಎರಡನೆಯ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಇಲ್ಲ. ಆದರೆ ಸಿ ಭಾಷೆಗೆ ಸಾಲು ಮುರಿಯುವುದು ಲೆಕ್ಕಕ್ಕಿಲ್ಲ. 7 ಆದ ಮೇಲೆ ಕೆಳಗಿನ ಸಾಲಿನಲ್ಲಿ ‘+ 3;’ ಎಂದು ಮುಂದುವರಿಸಿದ್ದರೂ ಅದು ಸರಿಯಾದ ಕೋಡೇ ಆಗುತ್ತಿತ್ತು. ಆದ್ದರಿಂದ ಕಂಪೈಲರ್ 7ರ ಬಳಿ ದೂರುವುದಿಲ್ಲ, ಮುಂದೆ ಏನಿದೆ ಎಂದು ನೋಡುತ್ತದೆ. ಮೂರನೆಯ ಸಾಲಿನ ‘ರಿಟರ್ನ್’ ಎದುರಾದಾಗಲೇ ಅದಕ್ಕೆ ಹಾದಿ ಮುಚ್ಚುವುದು. ‘ರಿಟರ್ನ್‌ಗೆ ಮೊದಲು , ಅಥವಾ ; ಬರಬೇಕಿತ್ತು’ ಎಂಬ ಅರ್ಥದ ಸಂದೇಶ ಆಗ ಬರುತ್ತದೆ. ‘ಬಿಫೋರ್’, ಅಂದರೆ ‘ಮೊದಲು’, ಎಂಬ ಆ ಒಂದು ಪದದಲ್ಲಿ ಉತ್ತರ ಅಡಗಿದೆ. ಜಾವಾ ಕಂಪೈಲರೂ ಕ್ಲಾಂಗೂ ಇಂಥ ಕಡೆ ಒಂದು ಹೆಜ್ಜೆ ಹಿಂದೆ ಬಂದು ಎರಡನೆಯ ಸಾಲಿನ ಕೊನೆಯನ್ನೇ ತೋರಿಸುತ್ತವೆ. ಎಲ್ಲ ಕಂಪೈಲರುಗಳಲ್ಲೂ ಎಲ್ಲ ಸಲವೂ ಇಂಥ ಉಪಕಾರ ಸಿಗುವುದಿಲ್ಲ.

ಹೀಗಾಗಿ ಹುಡುಕುವ ದಿಕ್ಕು ಸದಾ ಹಿಂದಕ್ಕೆ. ತೋರಿಸಿದ ಜಾಗ, ಅದರ ಹಿಂದಿನ ಸಾಲು, ಅದಕ್ಕೂ ಹಿಂದೆ ತೆರೆದಿರುವ ಕಂಸ ಅಥವಾ ಉದ್ಧರಣ ಚಿಹ್ನೆ. ಫೈಲಿನ ಕೊನೆಯ ಸಾಲಿನಲ್ಲಿ ತಪ್ಪು ಎಂದರೆ, ಜಾವಾದ ‘ರೀಚ್ಡ್ ಎಂಡ್ ಆಫ್ ಫೈಲ್ ವೈಲ್ ಪಾರ್ಸಿಂಗ್’ ನಂಥದು ಬಂದರೆ, ಎಲ್ಲೋ ತೆರೆದ ಕರ್ಲಿ ಬ್ರ್ಯಾಕೆಟ್ ಮುಚ್ಚಿಲ್ಲ. ಅದು ಐದನೆಯ ಸಾಲಿನಲ್ಲಿದ್ದರೂ ಇರಬಹುದು. ಎಡಿಟರಿನ ಸ್ವಯಂ ಜೋಡಣೆಯ ಸೌಲಭ್ಯದಿಂದ ಇಡೀ ಫೈಲಿನ ಅಂಚನ್ನು ಸರಿಪಡಿಸಿಕೊಂಡರೆ, ಯಾವ ಫಂಕ್ಷನ್ ಮುಗಿದ ಮೇಲಿನ ಸಾಲುಗಳು ಬಲಕ್ಕೆ ಸರಿದಿವೆಯೋ ಅದರ ಒಳಗೇ ಕಳ್ಳ ಇದ್ದಾನೆ.

ಒಂದು ಬ್ರ್ಯಾಕೆಟ್ ಬಿಟ್ಟಿದ್ದಕ್ಕೆ ಇಷ್ಟೊಂದು ಎರರುಗಳು ಏಕೆ?

ಅಂಗಿಯ ಮೊದಲ ಗುಂಡಿಯನ್ನು ತಪ್ಪು ತೂತಿಗೆ ಹಾಕಿದರೆ ಉಳಿದವೆಲ್ಲ ತಪ್ಪುತ್ತವಲ್ಲ, ಹಾಗೆ. ಕಂಪೈಲರ್ ಮೊದಲ ತಪ್ಪಿಗೆ ನಿಲ್ಲದೆ, ಮುಂದಿನ ಸೆಮಿಕೋಲನ್ನೋ ಬ್ರ್ಯಾಕೆಟ್ಟೋ ಸಿಗುವ ತನಕ ಕೆಲವನ್ನು ಹಾರಿಸಿ ಮತ್ತೆ ಓದಲು ಯತ್ನಿಸುತ್ತದೆ. ಆ ಊಹೆ ತಪ್ಪಿದರೆ ಸರಿಯಾದ ಸಾಲುಗಳೂ ತಪ್ಪಾಗಿ ಕಾಣುತ್ತವೆ.

ಈ ಅಭ್ಯಾಸಕ್ಕೆ ಇತಿಹಾಸವಿದೆ. ಕೋಡನ್ನು ರಂಧ್ರದ ಕಾರ್ಡುಗಳಲ್ಲಿ ಕೊಟ್ಟು, ಸರದಿ ಬರುವ ತನಕ ಕಾದು ಉತ್ತರ ಪಡೆಯುತ್ತಿದ್ದ ಕಾಲದಲ್ಲಿ ಒಂದು ಸಲಕ್ಕೆ ಒಂದೇ ತಪ್ಪು ಹೇಳಿದರೆ ಕೆಲಸ ಸಾಗುತ್ತಿರಲಿಲ್ಲ. ಆದಷ್ಟೂ ಹೆಚ್ಚು ತಪ್ಪುಗಳನ್ನು ಒಟ್ಟಿಗೆ ಹೇಳುವ ಕಂಪೈಲರೇ ಒಳ್ಳೆಯದು ಎನ್ನಿಸಿಕೊಳ್ಳುತ್ತಿತ್ತು. 1983ರಲ್ಲಿ ಬಂದ ಟರ್ಬೊ ಪ್ಯಾಸ್ಕಲ್ ಎಂಬ ಕಂಪೈಲರ್ ಇದಕ್ಕೆ ತಿರುಗಿ ನಿಂತಿತು. ಮೊದಲ ತಪ್ಪಿಗೇ ನಿಂತು, ಎಡಿಟರಿನಲ್ಲಿ ಕರ್ಸರನ್ನು ಆ ಜಾಗಕ್ಕೆ ಒಯ್ದು ಬಿಡುತ್ತಿತ್ತು. ಕಲಿಯುವವರಿಗೆ ಆ ಕ್ರಮವೇ ಹಿತ ಎಂದು ನನ್ನ ಅಭಿಪ್ರಾಯ. ಇಂದೂ ಅದು ಬೇಕೆನ್ನುವವರು ಜಿಸಿಸಿಗೆ ‘-ಎಫ್‌ಮ್ಯಾಕ್ಸ್-ಎರರ್ಸ್=1’ ಎಂಬ ಆಯ್ಕೆಯನ್ನು ಕೊಡಬಹುದು. ಇಲ್ಲವಾದರೆ ಮೊದಲನೆಯದನ್ನು ಮಾತ್ರ ತಿದ್ದಿ, ಮತ್ತೆ ಕಂಪೈಲ್ ಮಾಡಿ.

ಬರೀ ವಾರ್ನಿಂಗ್ ಬಂದಿದೆ, ಪ್ರೋಗ್ರಾಂ ಓಡುತ್ತಿದೆ. ಬಿಟ್ಟುಬಿಡಬಹುದೇ?

ಬೇಡ. ಸಿ ಭಾಷೆಯಲ್ಲಿ ‘ಸ್ಕ್ಯಾನ್ಎಫ್’ ಬಳಸುವಾಗ ವೇರಿಯೇಬಲ್ಲಿನ ಹೆಸರಿಗೆ ಮೊದಲು & ಹಾಕುವುದನ್ನು ಮರೆತರೆ ಸಾಮಾನ್ಯವಾಗಿ ಬರುವುದು ವಾರ್ನಿಂಗ್ ಅಷ್ಟೇ. ಓಡಿಸಿದಾಗ ಪ್ರೋಗ್ರಾಂ ಕುಸಿದು ಬೀಳಬಹುದು. ‘ಇಫ್ (ಅ = 5)’ ಕೂಡ ಹಾಗೆಯೇ: ಹೋಲಿಸಲು == ಬೇಕು, ಒಂದೇ = ಇದ್ದರೆ ‘ಅ’ಗೆ 5 ತುಂಬಿ, ಷರತ್ತು ಸದಾ ನಿಜವಾಗುತ್ತದೆ. ಸಿ ಇದನ್ನು ಒಪ್ಪಿಕೊಳ್ಳುತ್ತದೆ. ಅದೇ ಸಾಲನ್ನು ಜಾವಾ ‘ಇಂಟ್ ಅನ್ನು ಬೂಲಿಯನ್ ಮಾಡಲಾಗದು’ ಎಂದು ತಿರಸ್ಕರಿಸುತ್ತದೆ. ಜಿಸಿಸಿ ತಾನಾಗಿ ಎಲ್ಲ ಎಚ್ಚರಿಕೆಗಳನ್ನೂ ಕೊಡುವುದಿಲ್ಲ, ಕೇಳಿ ಪಡೆಯಬೇಕು. ಕಲಿಯುವ ಮೊದಲ ದಿನದಿಂದಲೇ ‘-ಡಬ್ಲ್ಯುಆಲ್’ ಮತ್ತು ‘-ಡಬ್ಲ್ಯುಎಕ್ಸ್‌ಟ್ರಾ’ ಆಯ್ಕೆಗಳನ್ನು ಸೇರಿಸಿಯೇ ಕಂಪೈಲ್ ಮಾಡಿ.

## ಎಲ್ಲರಿಗೂ ಎದುರಾಗುವ ಎರರುಗಳು

ಜಾವಾದಲ್ಲಿ ‘ಕ್ಯಾನಾಟ್ ಫೈಂಡ್ ಸಿಂಬಲ್’ ಬರುತ್ತದೆ. ಯಾವ ಸಿಂಬಲ್? ನಾನು ಯಾವ ಚಿಹ್ನೆಯನ್ನೂ ಹಾಕಿಲ್ಲ.

ಇಲ್ಲಿ ಸಿಂಬಲ್ ಎಂದರೆ ಹೆಸರು: ವೇರಿಯೇಬಲ್, ಮೆಥಡ್ ಅಥವಾ ಕ್ಲಾಸಿನ ಹೆಸರು. ಆ ಸಾಲಿಗಿಂತ ಅದರ ಕೆಳಗಿನ ಎರಡು ಸಾಲುಗಳು ಹೆಚ್ಚು ಹೇಳುತ್ತವೆ:

```
ಸಿಂಬಲ್:   ಕ್ಲಾಸ್ ಸ್ಕ್ಯಾನರ್
ಲೊಕೇಶನ್: ಕ್ಲಾಸ್ ಲೆಕ್ಕ
```

‘ಕ್ಲಾಸ್’ ಎಂದಿದ್ದರೆ ಬಹುಮಟ್ಟಿಗೆ ಇಂಪೋರ್ಟ್ ಸಾಲು ಬಿಟ್ಟುಹೋಗಿದೆ. ಸ್ಕ್ಯಾನರ್ ಇರುವುದು ‘ಜಾವಾ.ಯುಟಿಲ್’ ಪ್ಯಾಕೇಜಿನಲ್ಲಿ. ‘ಸ್ಟ್ರಿಂಗ್’ ಪದದ ಮೊದಲ ಅಕ್ಷರವನ್ನು ಸಣ್ಣದಾಗಿ ಬರೆದಿದ್ದರೂ ಇದೇ ದೂರು, ಏಕೆಂದರೆ ಜಾವಾಕ್ಕೆ ದೊಡ್ಡ ಅಕ್ಷರವೂ ಸಣ್ಣ ಅಕ್ಷರವೂ ಬೇರೆ ಬೇರೆ. ‘ಮೆಥಡ್’ ಎಂದಿದ್ದರೆ ಹೆಸರಿನ ಜೊತೆಗೆ ಆವರಣದೊಳಗಿನ ವಿಧಗಳನ್ನೂ ನೋಡಿ. ‘ವೇರಿಯೇಬಲ್’ ಎಂದಿದ್ದರೆ ಅದು ಹುಟ್ಟಿದ ಕರ್ಲಿ ಬ್ರ್ಯಾಕೆಟ್ಟಿನ ಹೊರಗೆ ಬಳಸುತ್ತಿದ್ದೀರಾ ಎಂದು ಪರೀಕ್ಷಿಸಿ.

ಇದರಲ್ಲಿ ಒಂದು ಮೋಸದ ರೂಪವಿದೆ:

```
ಫಾರ್ (ಇಂಟ್ ಐ = 0; ಐ < 5; ಐ++);
{
    ತೋರಿಸು(ಐ);
}
```

ಮೊದಲ ಸಾಲಿನ ತುದಿಯ ಸೆಮಿಕೋಲನ್ ಲೂಪನ್ನು ಅಲ್ಲೇ ಮುಗಿಸಿಬಿಟ್ಟಿತು. ಕೆಳಗಿನ ಬ್ಲಾಕ್ ಲೂಪಿಗೆ ಸೇರಿದ್ದೇ ಅಲ್ಲ, ಅಲ್ಲಿ ‘ಐ’ ಇಲ್ಲ. ಎಲ್ಲ ಸಾಲಿಗೂ ಸೆಮಿಕೋಲನ್ ಹಾಕಬೇಕು ಎಂದು ಬಾಯಿಪಾಠ ಮಾಡಿದವರು ಬೀಳುವ ಹಳ್ಳ ಇದು. ‘ಐ’ಯನ್ನು ಲೂಪಿನ ಹೊರಗೆ ಘೋಷಿಸಿದ್ದರೆ ಎರರ್ ಕೂಡ ಬರುವುದಿಲ್ಲ, ಉತ್ತರ ಮಾತ್ರ ತಪ್ಪಾಗುತ್ತದೆ.

ಪುಟದಿಂದ ಹಾಗೆಯೇ ನಕಲು ಮಾಡಿ ಅಂಟಿಸಿದ ಕೋಡ್. ಒಂದು ಅಕ್ಷರವೂ ಬದಲಾಗಿಲ್ಲ. ‘ಸ್ಟ್ರೇ \342 ಇನ್ ಪ್ರೋಗ್ರಾಂ’ ಎಂದರೇನು?

ಕಣ್ಣಿಗೆ ಕಾಣದ ಬದಲಾವಣೆ ಆಗಿದೆ. ವರ್ಡ್ ಪ್ರೊಸೆಸರ್, ಪಿಡಿಎಫ್, ಚಾಟ್ ಆ್ಯಪ್‌ಗಳು ನೇರವಾದ ಉದ್ಧರಣ ಚಿಹ್ನೆಗಳನ್ನು ತಾವಾಗಿಯೇ ಬಾಗಿದ ಚಿಹ್ನೆಗಳನ್ನಾಗಿ ಮಾಡುತ್ತವೆ. ನೇರ ಚಿಹ್ನೆ " ಒಂದೇ ಬೈಟ್. ಬಾಗಿದ “ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್, ಎಂಟರ ಎಣಿಕೆಯಲ್ಲಿ ಬರೆದರೆ 342, 200, 234. ಜಿಸಿಸಿ ಆ ಬೈಟುಗಳನ್ನು ಒಂದೊಂದಾಗಿ ಕಂಡು ‘ಇದೇನು ದಾರಿ ತಪ್ಪಿ ಬಂದಿದೆ’ ಎಂದು ಕೇಳುತ್ತಿದೆ. 302 ಮತ್ತು 240 ಜೋಡಿಯಾಗಿ ಬಂದರೆ ಅದು ಸಾಮಾನ್ಯ ಖಾಲಿ ಜಾಗವಲ್ಲ, ಸಾಲು ಮುರಿಯದಂತೆ ತಡೆಯುವ ಬೇರೊಂದು ಖಾಲಿ ಅಕ್ಷರ. ಮೈನಸ್ ಬದಲು ಉದ್ದ ಗೆರೆ ಬಂದಿರುವುದೂ ಉಂಟು. ಗ್ರೀಕ್ ಭಾಷೆಯ ಪ್ರಶ್ನಾರ್ಥಕ ಚಿಹ್ನೆಯಂತೂ ನೋಡಲು ಸೆಮಿಕೋಲನ್ನೇ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಎಚ್ಚರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಆಗದಿರಲೆಂದು ಟ್ ಮತ್ತು ವೇ ನಡುವೆ ಅಗಲವೇ ಇಲ್ಲದ ಒಂದು ಅಕ್ಷರವನ್ನು ಹಾಕುತ್ತೇವೆ. ಉದ್ಧರಣ ಚಿಹ್ನೆಯೊಳಗಿನ ಪಠ್ಯದಲ್ಲಿ ಅದು ನಿರುಪದ್ರವಿ. ಚಿಹ್ನೆಯ ಹೊರಗೆ ಜಾರಿ ಬಿದ್ದರೆ ಕೋಡು ಕೆಡುತ್ತದೆ. ಹೊಸ ಪೈಥಾನ್ ಇಂಥ ಅಕ್ಷರವನ್ನು ಯು+200ಸಿ ಎಂದು ಸಂಖ್ಯೆಯ ಸಮೇತ ಗುರುತಿಸಿ ಹೇಳುತ್ತದೆ. ಕೀಲಿಮಣೆ ಕನ್ನಡದಲ್ಲೇ ಉಳಿದು ಅಂಕಿಗಳು ಕನ್ನಡದಲ್ಲಿ ಬಂದರೂ ತೊಂದರೆಯೇ. ಪೈಥಾನಿನಲ್ಲಿ ‘೧೨’ ಎಂಬ ಪಠ್ಯವನ್ನು ‘ಇಂಟ್’ ಫಂಕ್ಷನ್ನಿಗೆ ಕೊಟ್ಟರೆ ಅದು ಹನ್ನೆರಡು ಎಂದು ಸರಿಯಾಗಿಯೇ ಓದುತ್ತದೆ, ಆದರೆ ಕೋಡಿನಲ್ಲಿ ನೇರವಾಗಿ ೧೨ ಎಂದು ಬರೆದರೆ ಒಪ್ಪುವುದಿಲ್ಲ.

ಪರಿಹಾರ ಸರಳ: ದೂರಿರುವ ಸಾಲನ್ನು ಪೂರ್ತಿ ಅಳಿಸಿ, ಕೈಯಿಂದ ಟೈಪ್ ಮಾಡಿ. ಅಕ್ಷರಗಳ ಮೇಲೆ ಅಕ್ಷರ ತಿದ್ದಿದರೆ ಕಾಣದ್ದು ಅಲ್ಲೇ ಉಳಿಯುತ್ತದೆ.

ರಿಟರ್ನ್ ಬರೆದಿದ್ದೇನೆ, ಅದೂ ಎರಡು ಕಡೆ. ಆದರೂ ‘ಮಿಸ್ಸಿಂಗ್ ರಿಟರ್ನ್ ಸ್ಟೇಟ್‌ಮೆಂಟ್’ ಏಕೆ?

```
ಇಫ್ (ಅ > 0)  ರಿಟರ್ನ್ 1;
ಇಫ್ (ಅ <= 0) ರಿಟರ್ನ್ -1;
```

ಸಂಖ್ಯೆಯೊಂದು ಸೊನ್ನೆಗಿಂತ ದೊಡ್ಡದಾಗಿರಬೇಕು ಅಥವಾ ಆಗಿರಬಾರದು, ಮೂರನೆಯ ದಾರಿಯಿಲ್ಲ ಎಂಬುದು ನಿಮಗೆ ಗೊತ್ತು. ಜಾವಾ ಕಂಪೈಲರ್ ಷರತ್ತುಗಳ ಒಳಗಿನ ಗಣಿತವನ್ನು ಬಿಡಿಸುವುದಿಲ್ಲ. ಎರಡು ‘ಇಫ್’ಗಳೂ ಸುಳ್ಳಾಗಿ ಕೆಳಗೆ ಇಳಿಯುವ ದಾರಿ ಅದರ ಲೆಕ್ಕದಲ್ಲಿ ತೆರೆದೇ ಇದೆ. ಎರಡನೆಯದನ್ನು ಷರತ್ತಿಲ್ಲದ ‘ಎಲ್ಸ್’ ಮಾಡಿ. ‘ವೇರಿಯೇಬಲ್ ಮೈಟ್ ನಾಟ್ ಹ್ಯಾವ್ ಬೀನ್ ಇನಿಶಿಯಲೈಸ್ಡ್’ ಎಂಬ ದೂರಿಗೂ ಕಾರಣ ಇದೇ: ಬೆಲೆ ತುಂಬದೆ ಹಾದುಹೋಗುವ ದಾರಿಯೊಂದು ಅದಕ್ಕೆ ಕಂಡಿದೆ.

‘ಪಾಸಿಬಲ್ ಲಾಸಿ ಕನ್ವರ್ಷನ್’ ಎಂದು ಬರುತ್ತದೆ. ಸಂಖ್ಯೆಯನ್ನು ಸಂಖ್ಯೆಯಲ್ಲೇ ತಾನೇ ಇಡುತ್ತಿರುವುದು?

ದಶಮಾಂಶ ಇರುವ ಡಬಲ್ ವಿಧವನ್ನು ಇಂಟ್‌ನಲ್ಲಿ ಇಟ್ಟರೆ ಚುಕ್ಕಿಯ ಬಲಗಡೆಯ ಭಾಗ ಹೋಗುತ್ತದೆ. ಜಾವಾ ಅದನ್ನು ಕೇಳದೆ ಮಾಡುವುದಿಲ್ಲ. ಆ ಬೆಲೆಗೆ ಮೊದಲು ‘(ಇಂಟ್)’ ಎಂದು ಬರೆದು ನೀವೇ ಒಪ್ಪಿಗೆ ಕೊಡಬೇಕು. ಕೊಡುವ ಮೊದಲು ಆ ಭಾಗ ನಿಜಕ್ಕೂ ಬೇಡವೇ ಎಂದು ಯೋಚಿಸಿ. 3.14 ಎಂದು ಬರೆದದ್ದು ತಾನಾಗಿ ಡಬಲ್ ಆಗುವುದರಿಂದ ಫ್ಲೋಟ್‌ನಲ್ಲಿ ಇಡಲು ಕೊನೆಗೆ ಎಫ್ ಅಕ್ಷರ ಬೇಕು. ಇಂಟ್‌ನ ಗರಿಷ್ಠ ಮಿತಿ 2147483647. ಅದಕ್ಕೂ ದೊಡ್ಡ ಸಂಖ್ಯೆಗೆ ಎಲ್ ಅಕ್ಷರ ಸೇರಿಸಿ.

ಕ್ಲಾಸಿನ ಹೆಸರೂ ಫೈಲಿನ ಹೆಸರೂ ಒಂದೇ ಇರಬೇಕೇ?

ಜಾವಾದಲ್ಲಿ ‘ಪಬ್ಲಿಕ್’ ಎಂದು ಗುರುತಿಸಿದ ಹೊರಗಿನ ಕ್ಲಾಸಿಗೆ ಹೌದು, ದೊಡ್ಡ ಸಣ್ಣ ಅಕ್ಷರಗಳ ಸಮೇತ. ಸಿ, ಪೈಥಾನ್, ಗೋ ಭಾಷೆಗಳಲ್ಲಿ ಈ ಕಟ್ಟಳೆ ಇಲ್ಲ.

ಪೈಥಾನಿನಲ್ಲಿ ಕಂಪೈಲ್ ಇಲ್ಲ ಎನ್ನುತ್ತಾರೆ. ಹಾಗಾದರೆ ‘ಸಿಂಟ್ಯಾಕ್ಸ್ ಎರರ್’ ಎಲ್ಲಿಂದ ಬಂತು?

ಪೈಥಾನ್ ಕೂಡ ಓಡಿಸುವ ಮೊದಲು ಫೈಲನ್ನು ಪೂರ್ತಿ ಓದಿ ತಾನು ಓಡಿಸಬಲ್ಲ ಬೈಟ್‌ಕೋಡ್ ಎಂಬ ರೂಪಕ್ಕೆ ತಂದುಕೊಳ್ಳುತ್ತದೆ. ಆದ್ದರಿಂದಲೇ ಐವತ್ತನೆಯ ಸಾಲಿನಲ್ಲಿ ಕಂಸ ಮುಚ್ಚದಿದ್ದರೆ ಮೊದಲ ಸಾಲಿನ ‘ಪ್ರಿಂಟ್’ ಕೂಡ ಕೆಲಸ ಮಾಡುವುದಿಲ್ಲ. 2021ರಲ್ಲಿ ಬಂದ 3.10 ಆವೃತ್ತಿಯಿಂದ ಸಂದೇಶಗಳು ಬಹಳ ಸುಧಾರಿಸಿವೆ: ಹಿಂದೆ ಮುಂದಿನ ಸಾಲನ್ನು ತೋರಿಸಿ ‘ಇನ್‌ವ್ಯಾಲಿಡ್ ಸಿಂಟ್ಯಾಕ್ಸ್’ ಎಂದು ಸುಮ್ಮನಾಗುತ್ತಿದ್ದ ಕಡೆ ಈಗ ‘ಈ ಕಂಸವನ್ನು ಮುಚ್ಚಲೇ ಇಲ್ಲ’ ಎಂದು ತೆರೆದ ಜಾಗವನ್ನೇ ತೋರಿಸುತ್ತದೆ. ಹಳೆಯ ಆವೃತ್ತಿ ಇಟ್ಟುಕೊಂಡು ಕಲಿಯುತ್ತಿರುವವರು ಅದನ್ನು ಬದಲಿಸಲು ಇದೊಂದೇ ಕಾರಣ ಸಾಕು. ಪೈಥಾನಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗವೇ ವ್ಯಾಕರಣ, ಹಾಗಾಗಿ ಟ್ಯಾಬನ್ನೂ ಸ್ಪೇಸನ್ನೂ ಬೆರೆಸಬೇಡಿ. ಟ್ಯಾಬ್ ಒತ್ತಿದರೆ ನಾಲ್ಕು ಸ್ಪೇಸ್ ಬರುವಂತೆ ಎಡಿಟರನ್ನು ಹೊಂದಿಸಿಕೊಂಡರೆ ಮುಗಿಯಿತು.

ಪುಸ್ತಕದಲ್ಲಿರುವ ಹಾಗೆಯೇ ಬರೆದಿದ್ದೇನೆ. ‘ಕೊನಿಯೊ.ಎಚ್’ ಸಿಗುತ್ತಿಲ್ಲ ಎನ್ನುತ್ತದೆ.

ಪುಸ್ತಕ ಹಳೆಯದು. ‘ಕೊನಿಯೊ.ಎಚ್’ ಮತ್ತು ಪರದೆ ಅಳಿಸುವ ‘ಸಿಎಲ್‌ಆರ್‌ಎಸ್‌ಸಿಆರ್’ ಡಾಸ್ ಕಾಲದ ಟರ್ಬೊ ಸಿ ಬಳಕೆ, ಸಿ ಭಾಷೆಯ ಮಾನಕಕ್ಕೆ ಸೇರಿದ್ದಲ್ಲ. ಆ ಸಾಲುಗಳನ್ನು ತೆಗೆದುಹಾಕಿ. ಸಿ++ ಕಲಿಯುತ್ತಿದ್ದರೆ ‘ಐಒಸ್ಟ್ರೀಮ್.ಎಚ್’ ಬದಲು ಬಾಲವಿಲ್ಲದ ‘ಐಒಸ್ಟ್ರೀಮ್’ ಬರೆಯಿರಿ. 1998ರ ಮಾನಕದಲ್ಲಿರುವ ಹೆಸರು ಅದು. ‘ಸಿಔಟ್’ ಮುಂದೆ ‘ಎಸ್‌ಟಿಡಿ::’ ಬೇಕಾಗುತ್ತದೆ. ‘ವಾಯ್ಡ್ ಮೇನ್’ ಅನ್ನು ‘ಇಂಟ್ ಮೇನ್’ ಮಾಡಿ.

ಇನ್ನೊಂದು ಬದಲಾವಣೆಗೆ ಈಚೆಗೆ ಬಹಳ ಜನ ಸಿಕ್ಕಿಬಿದ್ದಿದ್ದಾರೆ. ಘೋಷಿಸದ ಫಂಕ್ಷನ್ನನ್ನು ಕರೆಯುವುದನ್ನು ಸಿ ಭಾಷೆಯ 1999ರ ಮಾನಕವೇ ಕೈಬಿಟ್ಟಿತ್ತು. ಆದರೂ ಜಿಸಿಸಿ ವರ್ಷಗಟ್ಟಲೆ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತಿತ್ತು. 2024ರ ಜಿಸಿಸಿ 14ರಿಂದ ಅದು ಎರರ್. ಹಳೆಯ ಯಂತ್ರದಲ್ಲಿ ಕಂಪೈಲ್ ಆದದ್ದು ಹೊಸದರಲ್ಲಿ ಆಗದಿದ್ದರೆ ಮೊದಲು ಬಿಟ್ಟುಹೋದ ಹೆಡರ್ ಫೈಲುಗಳನ್ನು, ಅಂದರೆ ಫಂಕ್ಷನ್ನುಗಳ ಘೋಷಣೆ ಇರುವ ಫೈಲುಗಳನ್ನು, ನೋಡಿ.

## ಸ್ವಲ್ಪ ಮುಂದೆ ಹೋದವರಿಗೆ

ಸಾಲಿನ ಸಂಖ್ಯೆಯೇ ಇಲ್ಲದೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಬರುತ್ತದೆ. ಎಲ್ಲಿ ಹುಡುಕಲಿ?

ನಿಮ್ಮ ಕೋಡು ಕಂಪೈಲ್ ಆಗಿದೆ. ಇದು ಲಿಂಕರಿನ ದೂರು. ಸಿ ಭಾಷೆಯಲ್ಲಿ ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಕಂಪೈಲ್ ಮಾಡಿ, ಕೊನೆಗೆ ತುಂಡುಗಳನ್ನು ಜೋಡಿಸುವುದು ಲಿಂಕರ್. ಹೆಡರ್ ಫೈಲ್ ‘ಇಂಥ ಫಂಕ್ಷನ್ ಒಂದಿದೆ’ ಎಂದು ಮಾತು ಕೊಡುತ್ತದೆ. ಫಂಕ್ಷನ್ನಿನ ಒಡಲು ಯಾವ ತುಂಡಿನಲ್ಲೂ ಸಿಗದಿದ್ದಾಗ ಈ ಸಂದೇಶ. ಹೆಡರನ್ನು ಮತ್ತೆ ಮತ್ತೆ ತಿದ್ದಿ ಪ್ರಯೋಜನವಿಲ್ಲ.

ಎರಡನೆಯ ಸಿ ಫೈಲನ್ನು ಕಮಾಂಡಿನಲ್ಲಿ ಕೊಡಲು ಮರೆತಿರುವುದು ಮಾಮೂಲಿ ಕಾರಣ. ಲಿನಕ್ಸ್‌ನಲ್ಲಿ ವರ್ಗಮೂಲದ ‘ಎಸ್‌ಕ್ಯುಆರ್‌ಟಿ’ ಸಿಗದಿದ್ದರೆ ಗಣಿತದ ಲೈಬ್ರರಿಗಾಗಿ ‘-ಎಲ್ಎಂ’ ಸೇರಿಸಿ, ಅದೂ ಫೈಲಿನ ಹೆಸರಾದ ಮೇಲೆ. ಹೆಸರಿಗೆ ಮೊದಲೇ ಹಾಕಿದರೆ ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ವಿಂಡೋಸ್‌ಗಾಗಿ ಇರುವ ಜಿಸಿಸಿಯಾದ ಮಿನ್‌ಜಿಡಬ್ಲ್ಯುನಲ್ಲಿ ನೀವು ಕೇಳಿಯೇ ಇರದ ‘ವಿನ್‌ಮೇನ್’ ಇಲ್ಲ ಎಂದು ಬಂದರೆ ‘ಮೇನ್’ ಪದದ ಕಾಗುಣಿತವನ್ನು ನೋಡಿಕೊಳ್ಳಿ.

ತದ್ವಿರುದ್ಧದ ದೂರು ‘ಮಲ್ಟಿಪಲ್ ಡೆಫನಿಷನ್’. ಹೆಡರಿನೊಳಗೆ ಗ್ಲೋಬಲ್ ವೇರಿಯೇಬಲ್ ಬರೆದು ಎರಡು ಫೈಲುಗಳಲ್ಲಿ ಸೇರಿಸಿಕೊಂಡರೆ ಅದು ಎರಡು ಸಲ ಹುಟ್ಟುತ್ತದೆ. 2020ರ ಜಿಸಿಸಿ 10ಕ್ಕೆ ಮೊದಲು ಬೆಲೆ ತುಂಬದ ವೇರಿಯೇಬಲ್ಲುಗಳನ್ನು ಸದ್ದಿಲ್ಲದೆ ಒಂದುಗೂಡಿಸಲಾಗುತ್ತಿತ್ತು, ಈಗ ಇಲ್ಲ. ಹೆಡರಿನಲ್ಲಿ ‘ಎಕ್ಸ್‌ಟರ್ನ್’ ಎಂದು ಘೋಷಿಸಿ, ಒಂದೇ ಒಂದು ಸಿ ಫೈಲಿನಲ್ಲಿ ಹುಟ್ಟಿಸಿ.

ಗೋ ಭಾಷೆ ಬಳಸದ ವೇರಿಯೇಬಲ್ಲಿಗೂ ಎರರ್ ಕೊಡುತ್ತದೆ. ಇದು ಅತಿಯಾಗಲಿಲ್ಲವೇ?

ಪ್ರಯೋಗ ಮಾಡುವಾಗ ಕಿರಿಕಿರಿ ನಿಜ. ಬಳಸದ ಸ್ಥಳೀಯ ವೇರಿಯೇಬಲ್ಲನ್ನೂ ಬಳಸದ ಇಂಪೋರ್ಟನ್ನೂ ಗೋ ಒಪ್ಪುವುದಿಲ್ಲ. ತಾತ್ಕಾಲಿಕವಾಗಿ ‘_ = ಹೆಸರು’ ಎಂದು ಬರೆದು ಮುಂದೆ ಹೋಗಬಹುದು. ಆದರೆ ಈ ದೂರು ಬಂದಾಗ ಬೇರೊಂದು ವೇರಿಯೇಬಲ್ಲನ್ನು ತಪ್ಪಾಗಿ ಬಳಸಿದ್ದೇವೆಯೇ ಎಂದು ಒಮ್ಮೆ ನೋಡುವುದು ಲಾಭದ ಕೆಲಸ.

ರಸ್ಟ್‌ನಲ್ಲಿ ಎಲ್ಲ ಸರಿಯಾಗಿ ಬರೆದರೂ ಕಂಪೈಲರ್ ಬಿಡುವುದಿಲ್ಲ. ‘ಯೂಸ್ ಆಫ್ ಮೂವ್ಡ್ ವ್ಯಾಲ್ಯೂ’ ಎಂದರೇನು?

ಬೇರೆ ಭಾಷೆಗಳಿಂದ ಬಂದವರಿಗೆ ಇದು ವ್ಯಾಕರಣದ ತಪ್ಪಿನಂತೆ ಕಾಣುತ್ತದೆ. ನಿಜದಲ್ಲಿ ಇದು ಒಡೆತನದ ಪ್ರಶ್ನೆ. ‘ಲೆಟ್ ಬ = ಅ;’ ಎಂದಾಗ ‘ಅ’ದಲ್ಲಿದ್ದ ಸ್ಟ್ರಿಂಗಿನ ಒಡೆತನ ‘ಬ’ಗೆ ಹೋಯಿತು; ಆಮೇಲೆ ‘ಅ’ವನ್ನು ಮುದ್ರಿಸಲು ಹೋದರೆ ಇ0382 ಎಂಬ ಎರರ್. ಪೂರ್ಣಾಂಕಗಳು ನಕಲಾಗುವುದರಿಂದ ಅವಕ್ಕೆ ಈ ತೊಂದರೆ ಇಲ್ಲ, ಅದಕ್ಕೇ ಮೊದಲ ಪಾಠಗಳು ಸಲೀಸಾಗಿ ಮುಗಿದು ಸ್ಟ್ರಿಂಗ್ ಬಂದೊಡನೆ ಗೊಂದಲ ಶುರುವಾಗುತ್ತದೆ. ಬರೀ ನೋಡಿಕೊಳ್ಳುವುದಿದ್ದರೆ ‘&ಅ’ ಎಂದು ಎರವಲು ಪಡೆಯಿರಿ. ಎರಡು ಪ್ರತಿ ನಿಜಕ್ಕೂ ಬೇಕಿದ್ದರೆ ‘ಕ್ಲೋನ್’ ಮಾಡಿ. ಎರರ್ ಹೋಗಲಿ ಎಂದು ಎಲ್ಲ ಕಡೆಗೂ ಕ್ಲೋನ್ ಅಂಟಿಸಿದರೆ ಕೋಡು ಓಡುತ್ತದೆ, ಕಲಿಕೆ ನಿಲ್ಲುತ್ತದೆ. ‘ರಸ್ಟ್‌ಸಿ --ಎಕ್ಸ್‌ಪ್ಲೇನ್ ಇ0382’ ಎಂದು ಕೊಟ್ಟರೆ ಟರ್ಮಿನಲ್ಲಿನಲ್ಲೇ ಉದಾಹರಣೆ ಸಮೇತ ವಿವರಣೆ ಬರುತ್ತದೆ. ಅಷ್ಟು ಒಳ್ಳೆಯ ವಿವರಣೆಯನ್ನು ಓದುವವರು ಮಾತ್ರ ಕಡಿಮೆ.

ಸಿ++ನಲ್ಲಿ ಒಂದು ಎರರ್ ಪುಟಗಟ್ಟಲೆ ಇರುತ್ತದೆ. ಓದುವುದು ಹೇಗೆ?

ಟೆಂಪ್ಲೇಟುಗಳ ಒಳಗೆ ಒಳಗೆ ಇಳಿದಾಗ ಕಂಪೈಲರ್ ಪ್ರತಿ ಮೆಟ್ಟಿಲನ್ನೂ ವರದಿ ಮಾಡುತ್ತದೆ. ಲೈಬ್ರರಿಯ ಫೈಲುಗಳ ಹೆಸರಿರುವ ಸಾಲುಗಳನ್ನೆಲ್ಲ ಬಿಟ್ಟು, ನಿಮ್ಮ ಫೈಲಿನ ಹೆಸರು ಎಲ್ಲಿದೆ ಎಂದು ಹುಡುಕಿ. ತಪ್ಪು ಬಹುಪಾಲು ಆ ಸಾಲಿನಲ್ಲೇ ಇರುತ್ತದೆ.

ಎರರನ್ನು ಚಾಟ್‌ಬಾಟ್‌ಗೆ ಕೊಟ್ಟರೆ ತಿದ್ದಿ ಕೊಡುತ್ತದೆ. ಇಷ್ಟೆಲ್ಲ ಏಕೆ ಕಲಿಯಬೇಕು?

ಕೊಡಿ, ತಪ್ಪೇನಿಲ್ಲ. ಆದರೆ ‘ತಿದ್ದಿ ಕೊಡು’ ಎನ್ನುವ ಬದಲು ‘ಈ ಸಂದೇಶದ ಅರ್ಥವೇನು’ ಎಂದು ಕೇಳಿ, ತಿದ್ದುವುದನ್ನು ನೀವೇ ಮಾಡಿ. ತಿದ್ದಿದ ಕೋಡನ್ನು ಪೂರ್ತಿ ಅಂಟಿಸಿಕೊಂಡರೆ ಎರರಿನ ಜೊತೆ ಇನ್ನೇನೇನು ಬದಲಾಯಿತು ಎಂಬುದು ನಿಮಗೆ ತಿಳಿಯುವುದಿಲ್ಲ. ಕಂಪೈಲರನ್ನು ಸುಮ್ಮನಾಗಿಸುವುದಕ್ಕೂ ಪ್ರೋಗ್ರಾಂ ಸರಿಯಾಗುವುದಕ್ಕೂ ಅಂತರವಿದೆ. ಮೇಲೆ ಹೇಳಿದ ‘(ಇಂಟ್)’ ಮತ್ತು ‘ಕ್ಲೋನ್’ ಎರಡೂ ಅದಕ್ಕೆ ಉದಾಹರಣೆ.

ಯಾವುದಕ್ಕೂ ಜಗ್ಗದಿದ್ದರೆ? ಬೇರೆಯವರನ್ನು ಕೇಳುವಾಗ ಏನೇನು ಕೊಡಬೇಕು?

ಮೊದಲು ಕೋಡನ್ನು ಚಿಕ್ಕದು ಮಾಡಿ. ಅರ್ಧ ಭಾಗವನ್ನು ಕಾಮೆಂಟ್ ಮಾಡಿ, ಅಂದರೆ ಕಂಪೈಲರ್ ಓದದೆ ಬಿಡುವಂತೆ ಗುರುತು ಹಾಕಿ, ಕಂಪೈಲ್ ಮಾಡಿ. ಎರರ್ ಹೋದರೆ ತಪ್ಪು ಆ ಅರ್ಧದಲ್ಲಿದೆ, ಹೋಗದಿದ್ದರೆ ಉಳಿದ ಅರ್ಧದಲ್ಲಿ. ಸಾವಿರ ಸಾಲಿನ ಫೈಲ್ ಆದರೂ ಹೀಗೆ ಹತ್ತು ಸಲ ಅರ್ಧ ಮಾಡಿದರೆ ಒಂದು ಸಾಲಿಗೆ ಇಳಿಯುತ್ತದೆ. ಅಷ್ಟರಲ್ಲಿ ಹಲವು ಬಾರಿ ಉತ್ತರ ನಿಮಗೇ ಹೊಳೆದಿರುತ್ತದೆ.

ಹೊಳೆಯದಿದ್ದರೆ, ಎರರ್ ಬರುವ ಅತಿ ಚಿಕ್ಕ ಕೋಡು, ಕೊಟ್ಟ ಕಮಾಂಡ್, ಮೊದಲ ಎರರಿನ ಪೂರ್ತಿ ಪಠ್ಯ, ಕಂಪೈಲರಿನ ಆವೃತ್ತಿ ಇಷ್ಟನ್ನು ಕೊಡಿ. ‘ಏನೋ ಎರರ್ ಬರುತ್ತಿದೆ’ ಎಂದರೆ ಯಾರೂ ಉತ್ತರಿಸಲಾರರು. ಪರದೆಯ ಫೋಟೊ ಕಳಿಸಬೇಡಿ, ಪಠ್ಯವಾಗಿ ಅಂಟಿಸಿ. ಫೋಟೊದಲ್ಲಿ ಬಾಗಿದ ಉದ್ಧರಣ ಚಿಹ್ನೆಗೂ ನೇರ ಚಿಹ್ನೆಗೂ ವ್ಯತ್ಯಾಸ ಕಾಣುವುದಿಲ್ಲ, ನೆರವಾಗಲು ಬಂದವರು ಅದನ್ನು ಕಂಪೈಲ್ ಮಾಡಿ ನೋಡಲೂ ಆಗುವುದಿಲ್ಲ.